ಮತ್ತಿಮರದ ಮೇಲಿನ ಕಾವಲುಗಾರ

ಮಕ್ಕಳೇ, ಹುಲ್ಲುಗಾವಲಿನ ಆಚೆ ಒಂದು ಕುರುಚಲು ಕಾಡು, ಆ ಕಾಡಿನ ನಡುವೆ ಒಂದು ಕೆರೆ. ಕೆರೆಯ ದಡದಲ್ಲಿದ್ದ ಎತ್ತರದ ಮತ್ತಿಮರದ ತುದಿಯಲ್ಲಿ ಬೊಮ್ಮಣ್ಣ ಎಂಬ ಮುಸುವ, ಅಂದರೆ ಕರಿಮೂತಿಯ ಕೋತಿ, ಕೂತಿರುತ್ತಿದ್ದ. ಅವನಷ್ಟು ಚುರುಕು ಕಣ್ಣು ಆ ಕಾಡಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಕಳ್ಳರು ಬಂದರೆ ಕಂಡು, ಕೂಗಿ ಎಲ್ಲರಿಗೂ ತಿಳಿಸುವುದು ಅವನ ಕೆಲಸ.

ಒಂದು ಬೇಸಿಗೆಯಲ್ಲಿ ಕಾಡುಕೋಳಿ ಪುಟ್ಟೀರಮ್ಮನ ಗೂಡಿನಿಂದ ಉಡವೊಂದು ಎರಡು ಮೊಟ್ಟೆ ಕದ್ದಿತು. ಆದದ್ದು ಅಷ್ಟೇ. ಆದರೆ ಅಂದಿನಿಂದ ಬೊಮ್ಮಣ್ಣ ಎಲೆ ಅಲುಗಿದರೂ ಕೂಗತೊಡಗಿದ. ಒಂದು ಉಡ ಇದ್ದದ್ದು ಕಾಡಿನವರ ಬಾಯಲ್ಲಿ ಹತ್ತಾಯಿತು. ಮೊಲ ಬಿಲದ ಬಾಯಲ್ಲಿರುವ ಹುಲ್ಲನ್ನಷ್ಟೇ ಕಡಿದು ಒಳಗೆ ನುಗ್ಗುತ್ತಿತ್ತು. ಜಿಂಕೆಗಳು ಬಾಯಾರಿದರೂ ಕೆರೆಗೆ ಇಳಿಯುತ್ತಿರಲಿಲ್ಲ. ಪುಟ್ಟೀರಮ್ಮ ಹಸಿದುಕೊಂಡೇ ಗೂಡಿನಲ್ಲಿ ಕೂತಿರುತ್ತಿದ್ದಳು.

ಬೆಳಗಾದರೆ ಎಲ್ಲರೂ ಮತ್ತಿಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಒಬ್ಬರು ಅತ್ತಿಹಣ್ಣು ತಂದರೆ ಇನ್ನೊಬ್ಬರು ಬೋರೆಹಣ್ಣು. ಇವತ್ತು ಹೊರಗೆ ಹೋಗಬಹುದೇ ಎಂದು ಕೇಳುತ್ತಿದ್ದರು. ಬೊಮ್ಮಣ್ಣ ನಾಲ್ಕೂ ದಿಕ್ಕು ನಿಧಾನವಾಗಿ ನೋಡಿ, ಹೇಳಲಾಗದು, ಹುಷಾರಾಗಿರಿ ಎನ್ನುತ್ತಿದ್ದ. ಹಣ್ಣಿಗಿಂತ ಅವನಿಗೆ ರುಚಿಯಾಗಿದ್ದದ್ದು ಮೇಲಕ್ಕೆ ಎತ್ತಿದ ಆ ಮುಖಗಳು.

ಕಾಡಿಗೆ ಹಿರಿಯಳು ಮಾದಜ್ಜಿ ಎಂಬ ಆನೆ. ಜಿಂಕೆಮರಿಗಳ ತುಟಿ ಒಣಗಿರುವುದು ಅವಳ ಕಣ್ಣಿಗೆ ಬಿತ್ತು. ಕಳ್ಳನೊಬ್ಬ ತಿಂದದ್ದು ಎರಡು ಮೊಟ್ಟೆ. ಭಯ ಇಡೀ ಕಾಡನ್ನೇ ತಿನ್ನುತ್ತಿದೆ ಎಂದು ಅವಳಿಗೆ ಅನ್ನಿಸಿತು. ಮುಳ್ಳುಹಂದಿ ಚೌಡಕ್ಕನನ್ನು ಕರೆದು, ಬೆಳಿಗ್ಗೆ ಸಂಜೆ ಕಾಡು ಸುತ್ತಿ ಎಲ್ಲರನ್ನೂ ಮಾತಾಡಿಸಿಕೊಂಡು ಬರುವ ಕೆಲಸ ಕೊಟ್ಟಳು.

ಬೊಮ್ಮಣ್ಣನಿಗೆ ನಗು ಬಂತು. ಗಿಡ್ಡ ಕಾಲು, ಮಂದ ಕಣ್ಣು. ಇವಳು ಏನು ಕಾಯುತ್ತಾಳೆ ಎಂದುಕೊಂಡ.

ಚೌಡಕ್ಕ ಮುಳ್ಳು ಗಲಗಲ ಅನ್ನಿಸುತ್ತ ಮನೆಮನೆಗೆ ನಡೆದಳು. ಎಲ್ಲಿಗೆ ಹೋದರೂ ಮೊದಲು ಕೂತು ಕೇಳುತ್ತಿದ್ದಳು, ಆಮೇಲೆ ಮಾತಾಡುತ್ತಿದ್ದಳು. ಕೆರೆಯ ತಿರುವಿನಲ್ಲಿ ಲಂಟಾನ ದಟ್ಟವಾಗಿ ಬೆಳೆದಿದೆ, ಹಿಂದೆ ಯಾರಿದ್ದಾರೋ ಕಾಣುವುದಿಲ್ಲ ಎಂದು ಮೊಲ ಹೇಳಿತು. ಚೌಡಕ್ಕನಿಂದ ಅದನ್ನು ಕೇಳಿ ಮಾರನೆಯ ದಿನವೇ ಮಾದಜ್ಜಿ ಬಂದು ಆ ಪೊದೆಯನ್ನು ಬೇರುಸಮೇತ ಕಿತ್ತಳು. ಹತ್ತು ಉಡ ಇವೆಯಂತೆ ಎಂದು ಜಿಂಕೆಗಳು ಹೇಳಿದಾಗ, ಇರುವುದು ಒಂದೇ, ಅದು ಕೆರೆಯಾಚೆಯ ಬಂಡೆಯ ಸಂದಿನಲ್ಲಿದೆ, ನಾನು ದಿನವೂ ಆ ಕಡೆ ಹೋಗಿ ನೋಡುತ್ತೇನೆ ಎಂದು ಚೌಡಕ್ಕ ಹೇಳಿದಳು. ಮೊಟ್ಟೆ ಹೋದ ಮೇಲೆ ಹೇಗಿದ್ದೀಯ ಎಂದು ಯಾರೂ ಬಂದು ಕೇಳಲಿಲ್ಲ ಎಂದು ಪುಟ್ಟೀರಮ್ಮ ಅತ್ತಳು. ಚೌಡಕ್ಕ ಅರ್ಧ ದಿನ ಅವಳ ಪಕ್ಕದಲ್ಲೇ ಕೂತಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ಮೊಲ ಕೆರೆದಡದಲ್ಲಿ ಮೇಯುತ್ತಿತ್ತು. ಜಿಂಕೆಮರಿಗಳು ನೀರು ಎರಚಿಕೊಂಡು ಆಡುತ್ತಿದ್ದವು. ಮತ್ತಿಮರದ ಕೆಳಗೆ ಯಾರೂ ಬರುತ್ತಿರಲಿಲ್ಲ.

ಬೊಮ್ಮಣ್ಣನ ನಗು ಅಡಗಿತು. ಗಲಗಲ ಸದ್ದು ಕೇಳಿದರೆ ಬಾಯಲ್ಲಿದ್ದ ಚಿಗುರನ್ನು ಉಗಿದುಬಿಡುತ್ತಿದ್ದ. ಚೌಡಕ್ಕನನ್ನು ಯಾರು ಕರೆದು ಮಾತಾಡಿಸಿದರು, ಯಾರು ಗೆಡ್ಡೆ ಕೊಟ್ಟರು ಎಂದು ಅವಳನ್ನೇ ನೋಡುತ್ತ ಕೂರುತ್ತಿದ್ದ. ಅವಳ ನಡಿಗೆಯನ್ನು ಅಣಕಿಸಿದರೆ ನಗುವುದಕ್ಕೂ ಹತ್ತಿರ ಯಾರೂ ಇರಲಿಲ್ಲ. ಒಂದು ದಿನ ಜಿಂಕೆಮರಿಯೊಂದು ಮರದ ಬುಡಕ್ಕೆ ಬಂತು. ಬೊಮ್ಮಣ್ಣ ಬೆನ್ನು ನೆಟ್ಟಗೆ ಮಾಡಿ ಕೂತ. ಮರಿ ತಲೆ ಎತ್ತಿ, ಚೌಡಕ್ಕ ಈ ಕಡೆ ಬಂದರಾ ಎಂದು ಕೇಳಿತು. ಅವನ ಹೊಟ್ಟೆಗೆ ಕೆಂಡ ಸುರಿದಂತಾಯಿತು.

ಮರುದಿನ ಬಿಸಿಲೇರುವ ಹೊತ್ತು. ಪುಟ್ಟೀರಮ್ಮ ಆರು ಮೊಟ್ಟೆಗಳ ಮೇಲೆ ತರಗೆಲೆ ಮುಚ್ಚಿ, ಹೆದರಿಕೆಯಿಲ್ಲದೆ ಕೆರೆಗೆ ಇಳಿದಳು. ಆಗಲೇ ಬಂಡೆಯ ಸಂದಿನಿಂದ ಉಡ ಹೊರಗೆ ಬಂತು. ಬೊಮ್ಮಣ್ಣ ಕೂಗಲು ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಮುಚ್ಚಿತು. ಈಗ ಕೂಗಿದರೆ ಮೊಟ್ಟೆ ಉಳಿಯುತ್ತದೆ, ಎಲ್ಲರೂ ಮತ್ತೆ ಚೌಡಕ್ಕನ ಹಿಂದೆಯೇ ಹೋಗುತ್ತಾರೆ. ಒಂದು ಸಲ ಕಳ್ಳತನ ಆಗಲಿ, ಇವಳ ಗಲಗಲದ ಬೆಲೆ ಏನೆಂದು ಗೊತ್ತಾಗಲಿ. ಹೀಗೆ ಯೋಚಿಸುತ್ತ ಅವನು ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ. ಉಡ ಗೂಡಿಗೆ ಹೋಯಿತು, ಮರಳಿ ಹೊರಟಿತು. ಅದರ ಬಾಲ ಹುಲ್ಲಿನಲ್ಲಿ ಮರೆಯಾದ ಮೇಲೆ ಕಾಡೆಲ್ಲ ಕೇಳುವಂತೆ ಕೂಗಿದ.

ಎಲ್ಲರೂ ಓಡಿಬಂದರು. ಗೂಡಿನಲ್ಲಿ ಚಿಪ್ಪಿನ ಚೂರುಗಳು ಮಾತ್ರ ಇದ್ದವು. ಪುಟ್ಟೀರಮ್ಮ ಅವನ್ನು ಕೊಕ್ಕಿನಿಂದ ಒಂದು ಕಡೆಗೆ ಸರಿಸುತ್ತಿದ್ದಳು. ಏದುಸಿರು ಬಿಡುತ್ತ ಬಂದ ಚೌಡಕ್ಕ, ನಾನು ಮೊಲದ ಬಿಲದ ಕಡೆ ಇದ್ದೆ, ಬಂಡೆಯ ಕಡೆ ಹೋಗುವುದು ತಡವಾಯಿತು, ತಪ್ಪು ನನ್ನದೇ ಎಂದು ಎಲ್ಲರೆದುರು ಒಪ್ಪಿಕೊಂಡಳು. ಅವಳನ್ನು ಯಾರೂ ಬೈಯಲಿಲ್ಲ. ಒಂದು ಮುದಿ ಜಿಂಕೆ, ಒಬ್ಬಳೇ ಎಲ್ಲಿ ಎಂದು ಇರುತ್ತೀಯ ತಾಯಿ ಎಂದು ಸಮಾಧಾನ ಮಾಡಿತು.

ಬೊಮ್ಮಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಮರದಿಂದ ಇಳಿದು ಎಲ್ಲರ ನಡುವೆ ನಿಂತ.

"ಇವಳಿಗೆ ಏನು ಕಂಡಿತು? ನಾನು ಎಲ್ಲ ನೋಡಿದ್ದೇನೆ," ಎಂದ. "ಉಡ ಬಂಡೆಯ ಸಂದಿನಿಂದ ಹೊರಟಿತು. ಹುತ್ತದ ಹತ್ತಿರ ನಿಂತು ನಾಲಿಗೆ ಚಾಚಿತು. ಒಣಮರ ಬಳಸಿ ಬಂತು. ಇಲ್ಲಿ ಎಲೆ ಕೆದಕಿ, ಒಂದೊಂದೇ ಒಡೆದು ತಿಂದಿತು. ಕಾವಲು ಅಂದರೆ ಇಂಥ ಕಣ್ಣಿರಬೇಕು."

ಪುಟ್ಟೀರಮ್ಮ ತಲೆ ಎತ್ತಿದಳು.

"ಬೊಮ್ಮಣ್ಣ," ಎಂದಳು ಮೆಲ್ಲಗೆ, "ಅದು ಹುತ್ತದ ಹತ್ತಿರ ನಿಂತಿದ್ದಾಗ ನನ್ನ ಮೊಟ್ಟೆ ಇನ್ನೂ ಇದ್ದವಲ್ಲ?"

ಬೊಮ್ಮಣ್ಣ ಮರದ ಕಡೆಗೆ ಹಿಂದೆ ಸರಿದ. ಕಂಡೂ ಅವನು ಕೂಗಲಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಅವನನ್ನು ಕಾಡಿನಿಂದ ಓಡಿಸಬೇಕೆಂದು ಜಿಂಕೆಗಳು ಹಟ ಹಿಡಿದವು. ಮಾದಜ್ಜಿ ಒಪ್ಪಲಿಲ್ಲ. ಮತ್ತಿಮರವನ್ನು ಅವನಿಂದ ತೆಗೆದು ಕಾಜಾಣ ಹಕ್ಕಿಗೆ ಕೊಟ್ಟಳು. "ನೀನು ಇನ್ನು ಚೌಡಕ್ಕನ ಹಿಂದೆ ನಡೆ," ಎಂದು ಅವನಿಗೆ ಹೇಳಿದಳು. "ಯಾರನ್ನು ಕಾಯುತ್ತಿದ್ದೆ ಎಂದು ಹತ್ತಿರದಿಂದ ನೋಡು." ಉಡವನ್ನು ಅವಳೇ ಹಳ್ಳದಾಚೆಗೆ ಅಟ್ಟಿ, ಆ ಬಂಡೆಯ ಸಂದಿಗೆ ಕಲ್ಲು ನೂಕಿದಳು. ಏನಾಯಿತು, ಏನು ಮಾಡಿದೆವು ಎಂಬುದನ್ನು ಚೌಡಕ್ಕ ಸಂಜೆಯೊಳಗೆ ಎಲ್ಲ ಮನೆಗೂ ಹೋಗಿ ಇದ್ದದ್ದು ಇದ್ದ ಹಾಗೆ ತಿಳಿಸಿದಳು. ಬೆಳಿಗ್ಗೆ ಮೊಲ ಎಂದಿನಂತೆ ಕೆರೆದಡಕ್ಕೆ ಬಂತು.

ಬೊಮ್ಮಣ್ಣ ನಡೆದ. ನೆಲದ ಮೇಲೆ ನಡೆದಾಗಲೇ ಅವನಿಗೆ ತಿಳಿದದ್ದು, ಮೊಲದ ಬಿಲದಿಂದ ನೋಡಿದರೆ ಮೊಳದೆತ್ತರದ ಹುಲ್ಲೂ ಎಷ್ಟು ಕತ್ತಲೆಯಾಗಿ ಕಾಣುತ್ತದೆ ಎಂದು. ತಾನು ಮೇಲಿನಿಂದ ಕೂಗುತ್ತಿದ್ದ ಒಂದೊಂದು ಕೂಗೂ ಇಲ್ಲಿ ಹೇಗೆ ಕೇಳಿಸಿರಬೇಕು ಎಂದು ನೆನೆದು ತಲೆ ತಗ್ಗಿಸಿದ.

ಪುಟ್ಟೀರಮ್ಮ ಮತ್ತೆ ಗೂಡು ಕಟ್ಟಿ ಮೊಟ್ಟೆ ಇಟ್ಟಳು. ಒಂದು ಬೆಳಿಗ್ಗೆ ಚೌಡಕ್ಕ, ಬೊಮ್ಮಣ್ಣ ಇಬ್ಬರೂ ಅಲ್ಲಿಗೆ ಹೋದಾಗ ಅವಳು ನೀರಿಗೆ ಹೊರಟಿದ್ದಳು. ನಾನು ಕಾದಿರುತ್ತೇನೆ ಎಂದು ಬೊಮ್ಮಣ್ಣ ಮುಂದೆ ಬಂದ. ಅವಳು ಅವನನ್ನು ದಾಟಿಕೊಂಡು ಹೋಗಿ, "ಚೌಡಕ್ಕ, ನಾನು ಬರುವವರೆಗೆ ಇಲ್ಲೇ ಇರು," ಎಂದು ಹೇಳಿ ಕೆರೆಗೆ ಇಳಿದಳು.

ಅಂದು ಬೊಮ್ಮಣ್ಣನಿಗೆ ಹೊಟ್ಟೆ ಉರಿಯಲಿಲ್ಲ. ಗೂಡಿನಿಂದ ಹತ್ತು ಹೆಜ್ಜೆ ದೂರ ಸರಿದು, ಬಂಡೆಯ ಕಡೆ ಮುಖ ಮಾಡಿ, ಅವಳು ತಿರುಗಿ ಬರುವವರೆಗೂ ಸುಮ್ಮನೆ ಕಾಯುತ್ತ ಕೂತ.

ನೀತಿ: ಕಾಯುವವರು ಹತ್ತಿರ ಬಂದು ಕೇಳಿ, ನಿಜ ಹೇಳಿದರೆ ಊರಿನ ಭಯ ಕರಗುತ್ತದೆ, ಆ ಭಯದಿಂದಲೇ ದೊಡ್ಡವನಾಗಬೇಕೆಂದು ಹೊಟ್ಟೆಕಿಚ್ಚು ಪಡುವವನು ಊರಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ.