ಮೈಕು ಕಟ್ಟಿಕೊಂಡು ಬಂದ ಗ್ರೈಂಡರ್

ಬಾಡಿಗೆಯ ಗ್ರೈಂಡರೊಂದು ಮದುವೆ ಮನೆಗೆ ತನ್ನದೇ ಮೈಕು ಕಟ್ಟಿಕೊಂಡು ಬಂತು. ಉದ್ದಿನಬೇಳೆ ಬೀಳುತ್ತಲೇ ಶುರುಮಾಡಿತು: "ಬೇಳೆ ಬಂತು! ನೀರು ಬಂತು! ಒಂದು ಸುತ್ತು ಮುಗಿಯಿತು! ಎರಡನೆಯ ಸುತ್ತೂ ಮುಗಿಯಿತು!"

ಮಂಟಪದಲ್ಲಿ ಮಂತ್ರ ಯಾರಿಗೂ ಕೇಳಿಸಲಿಲ್ಲ. ಶುಭಕಾರ್ಯದಲ್ಲಿ ಅಡ್ಡಮಾತು ಕಿವಿಗೆ ಬೀಳಬಾರದೆಂದು ಪುರೋಹಿತರು ಕೈಯೆತ್ತಿ "ಗಟ್ಟಿಮೇಳ!" ಎಂದರು. ಡೋಲು, ನಾಗಸ್ವರ ಒಟ್ಟಿಗೆ ಮೊಳಗಿದವು. ಮುಹೂರ್ತ ಬಂದೇಬಿಟ್ಟಿತೆಂದು ಮದುಮಗ ತಾಳಿ ಎತ್ತಿದ. ನೆಂಟರು ಅಕ್ಷತೆ ಎರಚಿದರು. "ಇನ್ನೂ ಇಲ್ಲಪ್ಪಾ!" ಎಂದು ಪುರೋಹಿತರು ಅವನ ಕೈ ಹಿಡಿದರು. ಹೀಗೇ ನಾಲ್ಕು ಸಲ ಆಯಿತು. ಅಕ್ಷತೆ ಮುಗಿದುಹೋಗಿ ಐದನೆಯ ಸಲ ನೆಂಟರು ಕೋಸಂಬರಿ ಎರಚಿದರು.

ಪಕ್ಕದಲ್ಲಿದ್ದ ಬಾಡಿಗೆಯ ಒಲೆ ಕೇಳಿತು: "ಅಣ್ಣಾ, ಇದು ಯಾರ ಮನೆಯ ಮದುವೆ?"

"ಯಾರದಾದರೇನು? ಹೋದಲ್ಲೆಲ್ಲ ನಾನು ಹೀಗೇ ಸಾರುವವನು."

"ನಾನೂ ಹತ್ತು ಮನೆ ತಿರುಗುವವನೇ. ಹೇಳಬೇಕಾದ್ದನ್ನು ಅಡುಗೆಭಟ್ಟರ ಕಿವಿಗೆ ಹೇಳುತ್ತೇನೆ. ಅದನ್ನು ಮೈಕಿನಲ್ಲಿ ಸಾರುವುದೋ ಬಿಡುವುದೋ ಮನೆಯವರ ಇಷ್ಟ."

"ಹಾಗಾದರೆ ನಾನು ದುಡಿಯುವುದು ಊರಿಗೆ ಗೊತ್ತಾಗುವುದು ಹೇಗೆ?" ಎಂದ ಗ್ರೈಂಡರ್ ದನಿ ಏರಿಸಿ, "ನಾನೂರನೆಯ ಸುತ್ತು ಮುಗಿಯಿತು!" ಎಂದು ಕೂಗಿತು.

ಅಷ್ಟರಲ್ಲಿ ಅದರ ಬೆಲ್ಟು ಹೊಗೆಯಾಡತೊಡಗಿತು. ಬೆಳಗಿನಿಂದ ಹೇಳಲೇಬೇಕಾದ ಸುದ್ದಿ ಎಂದರೆ ಇದೊಂದೇ. "ಸುಡುತ್ತಿದ್ದೇನೆ! ಯಾರಾದರೂ ಸ್ವಿಚ್ ಆರಿಸಿ!" ಎಂದು ಗ್ರೈಂಡರ್ ಅರಚಿತು.

ಪುರೋಹಿತರು ಬೇಸತ್ತು ಎರಡೂ ಕೈ ಎತ್ತಿದರು: "ಗಟ್ಟಿಮೇಳ! ಗಟ್ಟಿಮೇಳ!"