ಮೊರದಗಲದ ಕೆಂಪು

“ಗುರುಗಳೇ, ಊರಿನಿಂದ ಬಂದಾಗ ನಾನು ಒಳ್ಳೆಯವನೇ ಆಗಿದ್ದೆ. ನಿಮ್ಮ ಹತ್ತಿರ ಬಂದು ಕೆಟ್ಟೆನೇ?”

ಹೀಗೆ ಕೇಳಿದವನು ಚನ್ನವೀರ ಎಂಬ ಶಿಷ್ಯ. ಎರಡು ವರ್ಷದಿಂದ ಮಠದಲ್ಲಿದ್ದ. ಅಂದು ಬೆಳಿಗ್ಗೆ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿಕೊಂಡೇ ಬಂದಿದ್ದ.

“ಅಂಥದ್ದೇನು ಮಾಡಿದೆಯಪ್ಪಾ?” ಎಂದರು ಗುರುಗಳು.

“ಮಾಡಿದ್ದೇನೂ ಇಲ್ಲ. ಆದರೆ ಈಗ ನೋಡಿಕೊಂಡರೆ ಒಳಗೆಲ್ಲ ಸಿಟ್ಟು, ಹೊಟ್ಟೆಕಿಚ್ಚು. ಪಕ್ಕದವನಿಗೆ ಒಂದು ರೊಟ್ಟಿ ಹೆಚ್ಚು ಬಡಿಸಿದರೂ ನನ್ನ ಕಣ್ಣು ಅಲ್ಲೇ. ಮೊದಲು ಇದೊಂದೂ ಇರಲಿಲ್ಲ. ಊರಿಗೆ ಹೋಗಿ ಮೊದಲಿನ ಹಾಗೇ ಇದ್ದುಬಿಡುತ್ತೇನೆ.”

ಗುರುಗಳಿಗೆ ನಗು ತಡೆಯಲಾಗಲಿಲ್ಲ. “ಎಲೈ ರೊಟ್ಟಿ ಎಣಿಸುವವನೇ, ಬಸ್ಸಿಗೆ ಇನ್ನೂ ಹೊತ್ತಿದೆ. ಕೂತುಕೋ. ಒಂದು ಕಾರಿನ ಕತೆ ಕೇಳಿಕೊಂಡು ಹೋಗು.”

ಒಬ್ಬ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ಕಾರು. ಇಪ್ಪತ್ತೈದು ವರ್ಷ ಅಂಗಡಿಯ ಮುಂದೆ ಬಿಸಿಲಿನಲ್ಲೇ ನಿಂತದ್ದು. ಮುಟ್ಟಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಕೈಗೆ ಪುಡಿ ಹತ್ತುತ್ತಿತ್ತು. ಕಾರಿನ ಕಾಗದದಲ್ಲಿ ಬಣ್ಣ ಕೆಂಪು ಎಂದಿತ್ತು. ಯಾರಾದರೂ ಕೇಳಿದರೆ ವ್ಯಾಪಾರಿ, “ನಮ್ಮದು ಗುಲಾಬಿ ಬಣ್ಣದ ಕಾರು. ಕಾಗದ ಬರೆದವನಿಗೆ ಕಣ್ಣು ಮಂಜು” ಎನ್ನುತ್ತಿದ್ದ. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಬಣ್ಣ ಒಂದೇ ದಿನಕ್ಕೆ ಹೋಗಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ಅದು ದಿನಾ ಚೂರು ಚೂರು ಹೋಯಿತು, ಅವನು ದಿನಾ ನೋಡಿದ, ಹಾಗೇ ಮರೆತ.

ವ್ಯಾಪಾರಿಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಐದು ತಿಂಗಳು ತುಂಬಿ, ಕೂಸಿನ ಸಮೇತ ಅವಳನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಮೊಮ್ಮಗಳನ್ನು ತನ್ನದೇ ಕಾರಿನಲ್ಲಿ ತಾನೇ ಕರೆದೊಯ್ದು ಬೀಗರ ಬಾಗಿಲಲ್ಲಿ ಇಳಿಸಬೇಕು ಎಂಬುದು ವ್ಯಾಪಾರಿಯ ಆಸೆ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಯಾವುದೂ ಇರಲಿಲ್ಲ. ಮಗಳು ಮುಖ ಸಿಂಡರಿಸಿದಳು. “ಅಪ್ಪಾ, ಬೂದಿ ಬಳಿದುಕೊಂಡ ಈ ಕಾರಿನಲ್ಲಿ ನಾನು ಬರುವುದಿಲ್ಲ. ಬಾಡಿಗೆ ಕಾರು ಮಾಡಿ.”

ಎರಡು ದಿನ ವ್ಯಾಪಾರಿಗೆ ಊಟ ಸೇರಲಿಲ್ಲ. ಹೊಸದಾಗಿ ಬಣ್ಣ ಹೊಡೆಸೋಣವೆಂದರೆ ಹದಿನೈದು ದಿನ ಬೇಕು. ಉಳಿದದ್ದು ನಾಲ್ಕೇ. ಕೊನೆಗೆ, ಮೆಷಿನ್ನಿನಿಂದ ಕಾರಿಗೆ ಪಾಲಿಶ್ ಮಾಡುವವನೊಬ್ಬನನ್ನು ಮನೆಗೇ ಕರೆಸಿದ.

ಪಾಲಿಶಿನವನು ಕಾರು ತೊಳೆದು ಒರೆಸಿದ. ಇಡೀ ಕಾರಿಗೆ ಕೈ ಹಾಕುವ ಮೊದಲು ಒಂದು ಕಡೆ ಮಾಡಿ ನೋಡುವುದು ಆ ಕಸುಬಿನವರ ಪದ್ಧತಿ. ಬಾನೆಟ್ಟಿನ ನಡುವೆ ಅಂಟುಪಟ್ಟಿ ಹಚ್ಚಿ ಮೊರದಗಲ ಒಂದು ಚೌಕ ಮಾಡಿದ. ಅದರೊಳಗೆ ಪೇಸ್ಟ್ ಹಚ್ಚಿದ. ಮೆಷಿನ್ನನ್ನು ಒಂದೇ ಕಡೆ ನಿಲ್ಲಗೊಡದೆ ನಿಧಾನವಾಗಿ ಆಡಿಸಿದ. ಒರೆಸಿ, ಪಟ್ಟಿ ಕಿತ್ತ. ಕೆಂಪು ಅಂದರೆ ಕೆಂಪು, ಆಗತಾನೆ ಬಿಡಿಸಿದ ಹಣ್ಣುಮೆಣಸಿನಕಾಯಿಯ ಕೆಂಪು!

ಅಷ್ಟರಲ್ಲಿ ವ್ಯಾಪಾರಿ ಬಂದ. ನೋಡಿದವನೇ ತಲೆಯ ಮೇಲೆ ಕೈ ಹೊತ್ತ.

“ಅಯ್ಯಯ್ಯೋ, ಮನೆಹಾಳ! ಪಾಲಿಶ್ ಮಾಡು ಅಂದರೆ ಬಣ್ಣ ಬಳಿದಿದ್ದೀಯಲ್ಲೋ! ಬೆಳಗಿನ ತನಕ ನನ್ನ ಕಾರು ಒಂದೇ ಸಮ ಇತ್ತು. ಈಗ ಈ ತೇಪೆಯೊಂದು ಬಿಟ್ಟು ಉಳಿದದ್ದೆಲ್ಲ ಕೆಟ್ಟುಹೋಯಿತು!”

“ನಾನು ಏನನ್ನೂ ಬಳಿದಿಲ್ಲ ಸಾಹುಕಾರರೇ. ಮೇಲಿನ ಸತ್ತ ಪದರ ತೆಗೆದೆ, ಅಷ್ಟೇ. ಇದು ಒಳಗೆ ಇದ್ದದ್ದೇ.”

“ಯಾರ ಕಿವಿಗೆ ಹೂವು ಇಡುತ್ತೀಯೋ? ಹಾಗಾದರೆ ಇದೇನು?” ವ್ಯಾಪಾರಿ ಮೆಷಿನ್ನಿನ ತುದಿಯ ಉಜ್ಜುವ ಪ್ಯಾಡು ತೋರಿಸಿದ. ಬೆಳ್ಳಗಿದ್ದ ಪ್ಯಾಡು ಕೆಂಪಾಗಿತ್ತು. ಕಾರಿನಿಂದ ಕಿತ್ತು ಬಂದದ್ದನ್ನೇ ಅವನು ಕಾರಿಗೆ ಬಳಿದದ್ದು ಎಂದು ತಿಳಿದ. ಕಳ್ಳನನ್ನು ಮಾಲಿನ ಸಮೇತ ಹಿಡಿದವನ ಹಾಗೆ ಎದೆಯುಬ್ಬಿಸಿ, “ಇದನ್ನು ಅಳಿಸು! ಮೊದಲು ಹೇಗಿತ್ತೋ ಹಾಗೇ ಮಾಡಿಕೊಡು! ಇರುವ ಮರ್ಯಾದೆಯಾದರೂ ಉಳಿಯಲಿ” ಎಂದು ಕೂಗಾಡಿದ.

ಗಲಾಟೆ ಕೇಳಿ ಹೆಂಡತಿ ಹೊರಗೆ ಬಂದಳು. ಚೌಕ ನೋಡಿದಳು. ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಕುಲಾವಿ ತಂದಳು. ಕೂಸಿನ ತಲೆಗೆ ಕಟ್ಟುವ ಪುಟ್ಟ ಟೊಪ್ಪಿಗೆ ಅದು. ಕಾರು ಕೊಂಡ ತಿಂಗಳೇ ಈ ಮಗಳು ಹುಟ್ಟಿದ್ದು. ಗಂಡ ಹೊಸ ಕಾರು ತಂದು ತನ್ನನ್ನೂ ಕೂಸನ್ನೂ ತವರಿನಿಂದ ಕರೆದುಕೊಂಡು ಹೋಗುತ್ತಾನೆ ಎಂಬ ಸಂಭ್ರಮಕ್ಕೆ, ಕಾರಿನ ಬಣ್ಣದ್ದೇ ಬಟ್ಟೆ ಹುಡುಕಿಸಿ ಅವಳು ಅದನ್ನು ಹೊಲಿದಿದ್ದಳು. ಟ್ರಂಕಿನೊಳಗೆ ಅದಕ್ಕೆ ಬಿಸಿಲೇ ತಾಗಿರಲಿಲ್ಲ. ಕುಲಾವಿಯನ್ನು ಚೌಕದ ಮೇಲಿಟ್ಟಳು. ಬಟ್ಟೆ ಎಲ್ಲಿ ಮುಗಿಯಿತು, ಕಾರು ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ.

“ಮರೆತಿರೇನ್ರೀ? ನನ್ನನ್ನೂ ಮಗಳನ್ನೂ ನೀವು ಮನೆಗೆ ಕರೆತಂದದ್ದು ಈ ಕಾರಿನಲ್ಲೇ, ಈ ಬಣ್ಣದಲ್ಲೇ” ಎಂದಳು.

ವ್ಯಾಪಾರಿ ಕುಲಾವಿ ಕೈಗೆತ್ತಿಕೊಂಡ. ಕಣ್ಣು ತುಂಬಿ ಬಂತು, ನಗುವೂ ಬಂತು. ಪಾಲಿಶಿನವನ ಮುಖ ನೋಡಲು ನಾಚಿಕೆಯಾಗಿ ಪ್ಯಾಡಿಗೇ ಹೇಳುವವನಂತೆ ಹೇಳಿದ: “ಅಳಿಸಬೇಡ ಮಾರಾಯಾ. ಉಳಿದದ್ದನ್ನು ಇದರ ಸಮಕ್ಕೆ ತಾ.”

“ನನ್ನನ್ನು ಕರೆಸಿದ್ದೇ ಅದಕ್ಕಲ್ಲವೇ ಸಾಹುಕಾರರೇ?” ಎಂದು ಪಾಲಿಶಿನವನು ಮತ್ತೆ ಮೆಷಿನ್ನು ಹಿಡಿದ.

ಮೂರು ದಿನ ಹಿಡಿಯಿತು. ವ್ಯಾಪಾರಿ ಅಂಗಡಿ ಮುಚ್ಚಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ನಾಲ್ಕನೆಯ ದಿನ ಮಗಳು ಯಾರೂ ಕರೆಯುವ ಮೊದಲೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಅವಳ ತೊಡೆಯ ಮೇಲೆ ಕೆಂಪು ಕುಲಾವಿಯ ಕೂಸು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ವ್ಯಾಪಾರಿ, ಯಾರೂ ಕೇಳದಿದ್ದರೂ, “ಕಾಗದ ಬರೆದವನ ಕಣ್ಣು ಸರಿಯಾಗೇ ಇತ್ತು ನೋಡ್ರಪ್ಪಾ” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. “ಈಗ ಹೇಳು. ಚೌಕ ಹೊಳೆದಾಗ ಉಳಿದ ಕಾರು ಕೆಟ್ಟಿತೇ?”

“ಇಲ್ಲ ಗುರುಗಳೇ. ಅದು ಮೊದಲೇ ಮಾಸಿತ್ತು. ಆಗ ಕಂಡಿತು, ಅಷ್ಟೇ.”

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಚನ್ನವೀರನ ಕೈ ಗಂಟಿನ ಮೇಲೇ ಇತ್ತು. ಅವನು ಏಳಲಿಲ್ಲ. ಬಸ್ಸು ಹೊರಟುಹೋದ ಸದ್ದು ಅಡಗಿದ ಮೇಲೆ ಗುರುಗಳು ಹೇಳಿದರು:

“ಗಂಟು ಬಿಚ್ಚು ಮಗನೇ, ನಿನ್ನಲ್ಲಿ ಈಗಷ್ಟೇ ಮೊರದಗಲ ಹೊಳೆದಿದೆ.”