ಗಡಿಗೆಯೊಳಗೆ ಸಿಕ್ಕ ಕೈ

ನಮ್ಮೂರ ಕುಶಲಕರ್ಮಿಗಳ ಸಂಘ ತಾಲೂಕಿನ ಕೈಕೆಲಸದ ಪ್ರದರ್ಶನದಲ್ಲಿ ಮಳಿಗೆ ಹಾಕಿತ್ತು. ಕುಂಬಾರ ನೀಲವ್ವನ ಗಡಿಗೆ ಕಂಡು ಪರೀಕ್ಷಕ ಸಾಹೇಬರು ಗುಡುಗಿದರು.

“ಕೈಯಿಂದ ಇಷ್ಟು ದುಂಡಗೆ ಆಗುವುದುಂಟೇ? ಇದು ಮಷೀನಿನದು. ಮಳಿಗೆ ಖಾಲಿ ಮಾಡು!”

ನೀಲವ್ವ ಮೆತ್ತಗೆ ಅಂದಳು, “ಒಳಗ ಕೈ ಹಾಕಿ ನೋಡ್ರಿ ಸಾಹೇಬ್ರ. ನನ್ನ ಬೆರಳಿನ ಗುರುತು ಸಿಗತಾವ.”

ಸಾಹೇಬರು ಗಡಿಗೆಯ ಸಣ್ಣ ಬಾಯೊಳಗೆ ಕೈ ತುರುಕಿದರು. ಹೋದ ಕೈ ಹೊರಗೆ ಬರಲಿಲ್ಲ! ಎಳೆದರು, ಕುಣಿದರು. ಜನ ಓಡಿ ಬಂದು ಮುತ್ತಿದರು.

“ಬಿಡಿಸವ್ವಾ!”

“ಮಷೀನಿನ ಗಡಿಗಿ ಅಂದ್ರಲ್ಲರಿ, ಮಷೀನಿಗೇ ಹೇಳ್ರಿ. ನನ್ನ ಕೈಯಿಂದ ಆಗಿದ್ದಾದ್ರ ಬಿಡಿಸೂದು ನನಗ ಗೊತ್ತೈತಿ.”

“ನಿನ್ನ ಕೈಯಿಂದಲೇ ಆಗಿದ್ದು ತಾಯಿ! ಮಳಿಗೆಯೂ ನಿನ್ನದೇ!”

ನೀಲವ್ವ ಶಿವನನ್ನು ನೆನೆದು, ದೀಪಕ್ಕೆಂದು ತಂದ ಎಣ್ಣೆ ಎರೆದಳು. ಕೈ ಜಾರಿ ಬಂತು.

ಪಕ್ಕದ ಬುಟ್ಟಿಗಳ ಮುಂದೆ ಸಾಹೇಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ಹೇಳಿದರು: “ಕೈಕೆಲಸವೇ, ಸಂಶಯವೇ ಇಲ್ಲ!”